ನನ್ನ ಸುಳ್ಳು ಹಾಜರಿ, ಮಗಳ ದಡಾರದ ಲೆಕ್ಕ

ಹೆಬ್ಬಗೋಡಿಯ ಫ್ಯಾನ್ಸಿ ಅಂಗಡಿಯಲ್ಲಿ ಹದಿನಾರು ಪ್ಯಾಕೆಟ್ ಸ್ಟಿಕ್ಕರ್ ಬಿಂದಿ ಕೊಡಪ್ಪ ಎಂದಾಗ ಅಂಗಡಿಯವನು ನನ್ನ ಹಣೆಯನ್ನೊಮ್ಮೆ, ಕೈಚೀಲವನ್ನೊಮ್ಮೆ ನೋಡಿದ.

"ಏನಜ್ಜಿ, ನಮ್ ಪಕ್ಕದಲ್ಲೇ ಅಂಗಡಿ ಇಡ್ತೀರಾ?"

"ಗೋಡೆಗೆ ಅಂಟ್ಸೋಕೆ ಕಣಪ್ಪ. ಎಂಟು ಕೆಂಪು, ಎಂಟು ಹಸಿರು ಕೊಡು. ನನ್ ಮಗಳು ದಡಾರದ ಲೆಕ್ಕ ಮಾಡ್ತಾವಳೆ. ಮುಂದ್ಕೆ ಯಾವ ಬೀದಿಗೆ ಬತ್ತದೆ ಅಂತ ಹೇಳ್ತಾಳೆ."

"ಹಂಗಾದ್ರೆ ನಮ್ ಬೀದಿಗೆ ಬರಲ್ಲ ಅಂತ ಬರ್ಕೊಳ್ಳೋಕೆ ಹೇಳಿ," ಎಂದು ನಕ್ಕು ಒಂದು ಪ್ಯಾಕೆಟ್ ಹೆಚ್ಚಿಗೆ ಹಾಕಿದ.

ನಾನೂ ನಕ್ಕೆ. ಆದರೆ ಮನೆಯಲ್ಲಿ ಐದು ತಿಂಗಳ ಮೊಮ್ಮಗಳಿದ್ದಳು. ದಡಾರದ ಸೂಜಿಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಅಲ್ಲಿಯವರೆಗೆ ಅವಳನ್ನು ಕಾಯಬೇಕಾದದ್ದು ಸುತ್ತಲಿನ ಮಕ್ಕಳು. ಅವರಿಗೆ ಬಾರದಿದ್ದರೆ ಇವಳಿಗೂ ಬಾರದು. ಮೊಮ್ಮಗಳ ವಿಷಯ ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ ಎಂದು ಮಗಳು ಮೊದಲೇ ಎಚ್ಚರಿಸಿದ್ದಾಳೆ, ಹಾಗಾಗಿ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ನಕ್ಕರೆ ಎರಡು ಕೆನ್ನೆಯಲ್ಲೂ ಗುಳಿ ಬೀಳುತ್ತದೆ. ಎಡಗಡೆಯದು ಸ್ವಲ್ಪ ಆಳ.

ನಾನು ಅಂಗನವಾಡಿಯಲ್ಲಿ ಸಹಾಯಕಿ. ನಾಲ್ಕನೇ ತರಗತಿಗೆ ಬಿಟ್ಟವಳು. ಮನೆಮನೆಯಿಂದ ಮಕ್ಕಳನ್ನು ಕರೆತರುವುದು, ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು ನನ್ನ ಕೆಲಸ. ಟೀಚರಿಗೆ ಫೋನಿನಲ್ಲಿ ತುಂಬಿಸುವ ಕೆಲಸವೇ ಮುಗಿಯದ್ದರಿಂದ ಹಾಜರಿ ಪುಸ್ತಕವನ್ನೂ ನಾನೇ ಬರೆಯುತ್ತಿದ್ದೆ. ಮಗಳು ಗಣಿತದಲ್ಲಿ ಸಂಶೋಧನೆ ಮಾಡುತ್ತಾಳೆ. ರೋಗ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎಂಬುದೇ ಅವಳ ವಿಷಯ. ಬಾಣಂತನಕ್ಕೆ ಬಂದವಳು ಕಂಪ್ಯೂಟರನ್ನೂ ಹೊತ್ತು ತಂದಿದ್ದಳು. ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಕಟ್ಟಡ ಕೆಲಸದವರ ಮಗುವೊಂದಕ್ಕೆ ದಡಾರವೆಂದು ಗೊತ್ತಾದ ದಿನ ಅವಳು ಗುರುಗಳಿಗೆ ಫೋನು ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ನಿನ್ನ ಹಾಜರಿ ಪುಸ್ತಕ ನೋಡ್ಬಹುದಾ? ಟೀಚರನ್ನ ಕೇಳು," ಎಂದಳು.

ಟೀಚರು ಒಪ್ಪಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಆ ಪುಸ್ತಕಕ್ಕೆ ಹೊಸ ರಟ್ಟು ಹಾಕಿ ಕೊಟ್ಟೆ.

ಹಳೇ ಕ್ಯಾಲೆಂಡರಿನ ಹಾಳೆಗಳನ್ನು ತಿರುಗಿಸಿ ಜೋಡಿಸಿ, ಚಾಪೆಯ ಮೇಲೆ ಕೂತವರ ಕೈಗೆ ಎಟಕುವಷ್ಟು ಎತ್ತರಕ್ಕೆ ಮಗಳು ಗೋಡೆಗೆ ಅಂಟಿಸಿದಳು. ಕಂಪ್ಯೂಟರಿನಲ್ಲೂ ಅದೇ ಚಿತ್ರವಿತ್ತು, ಆದರೆ ಅದು ನನಗೆ ಅರ್ಥವಾಗದೆಂದು ಗೋಡೆಯ ಮೇಲೆ ಇನ್ನೊಂದು. ಒಂದು ಮಗುವಿಗೆ ಒಂದು ಬಿಂದಿ. ಚೆನ್ನಾಗಿರುವ ಮಗುವಿಗೆ ಹಸಿರು, ದದ್ದು ಎದ್ದ ಮಗುವಿಗೆ ಕೆಂಪು. ಇಬ್ಬರು ಮಕ್ಕಳು ದಿನವೂ ಒಟ್ಟಿಗಿದ್ದರೆ ನಡುವೆ ದಪ್ಪ ಗೆರೆ; ನಲ್ಲಿಯ ಹತ್ತಿರ ಗಳಿಗೆ ಹೊತ್ತು ಸೇರುವವರಾದರೆ ಸಣ್ಣ ಗೆರೆ. ಅಂಗನವಾಡಿಯ ನಲವತ್ತೊಂದು ಮಕ್ಕಳು, ಅವರ ಮನೆಯ ಚಿಕ್ಕವರು, ಪಕ್ಕದ ಬೀದಿಯವರು, ಎಲ್ಲ ಸೇರಿ ಗೋಡೆ ತುಂಬಿತು.

"ಸೂಜಿ ಆದ ಮಗು?"

"ಅದರ ಬಿಂದಿ ಕಿತ್ತುಬಿಡೋದು. ದಡಾರದ ಪಾಲಿಗೆ ಆ ಮಗು ಇಲ್ಲವೇ ಇಲ್ಲ. ಅದರ ಗೆರೆಗಳೂ ಹೋದವು."

"ನಾನು?"

"ನಿನಗೆ ಚಿಕ್ಕಂದಿನಲ್ಲೇ ಬಂದು ಹೋಗಿದೆ ಅಂತೀಯಲ್ಲ. ನೀನೂ ಇಲ್ಲ."

"ಅಂಗಾದ್ರೆ ಎಲ್ಲಿ ಬೇಕಾದ್ರೂ ಓಡಾಡ್ಬೋದು ಅನ್ನು!" ಎಂದೆ. ನನಗೆ ಬಹಳ ಸಂತೋಷವಾಯಿತು. ಇಲ್ಲದವಳಾಗಿರುವುದರಿಂದ ಇಂಥ ಪ್ರಯೋಜನವಿದೆಯೆಂದು ನನಗೆ ತಿಳಿದಿರಲಿಲ್ಲ. ಕೊನೆಯಲ್ಲಿ ಮೊಮ್ಮಗಳ ಬಿಂದಿಯನ್ನು ನಾನೇ ಅಂಟಿಸಿದೆ, ಪ್ಯಾಕೆಟ್ಟಿನಲ್ಲಿದ್ದ ಅತಿ ಚಿಕ್ಕ ಹಸಿರು ಬಿಂದಿ. ಅದಕ್ಕೆ ಒಂದೇ ಗೆರೆ. ಕೆಳಗಿನ ಮನೆಯಲ್ಲಿ ನಮಗೆ ಬಾಡಿಗೆಗಿರುವವರ ಮೂರೂವರೆ ವರ್ಷದ ಹುಡುಗಿ ಮೆಟ್ಟಿಲು ಹತ್ತಿ ಬಂದು ಪಾಪುವನ್ನು "ಗುಂಡೀ" ಎಂದು ಕರೆದು ಮುತ್ತು ಕೊಟ್ಟು ಹೋಗುತ್ತಿದ್ದಳು. ಆ ಗೆರೆ.

ಕಂಪ್ಯೂಟರು ಈ ಚಿತ್ರದ ಮೇಲೆ ಸಾವಿರ ಸಲ ದಡಾರವನ್ನು ಓಡಿಸಿ ನೋಡುತ್ತಿತ್ತು. ಸಾವಿರ ಸಲದಲ್ಲಿ ಎಷ್ಟು ಸಲ ಯಾವ ಮಗುವಿಗೆ ಬಂತೆಂದು ಹೇಳುತ್ತಿತ್ತು. ಅಂಗನವಾಡಿಯ ಮಕ್ಕಳಿಗೇ ಮೊದಲು ಎಂದಿತು, ಏಕೆಂದರೆ ಕಾಯಿಲೆ ಬಿದ್ದ ಮಗುವಿನ ಹೆಸರು ನನ್ನ ಪುಸ್ತಕದಲ್ಲಿ ದಿನವೂ ಹಾಜರು. ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ನಮ್ಮ ಕಡೆಗೆ ವಾರಕ್ಕೆ ಒಂದೇ ದಿನ, ಗುರುವಾರ. "ಎಲ್ಲಿಗೆ ಮೊದ್ಲು ಬರ್ಲಿ ಹೇಳಿ, ಒಂದು ದಿನಕ್ಕೆ ಒಂದೇ ಜಾಗ," ಎಂದಿದ್ದರು. ಮಗಳು ಅಂಗನವಾಡಿ ಎಂದಳು.

ಆ ಗುರುವಾರ ನಲವತ್ತೊಂದು ಮಕ್ಕಳಲ್ಲಿ ಇಪ್ಪತ್ತೆಂಟು ಮಕ್ಕಳು ಬಂದರು. ಹೆಚ್ಚಿನವರ ಕಾರ್ಡಿನಲ್ಲಿ ಸೂಜಿ ಆಗಿಯೇ ಇತ್ತು; ಇಲ್ಲದವರಿಗೆ ಹಾಕಿದರು, ಆ ಇಪ್ಪತ್ತೆಂಟೂ ಬಿಂದಿಗಳನ್ನು ಕಿತ್ತೆವು. ಮಿಕ್ಕ ಹದಿಮೂರು ಎಲ್ಲಿ ಎಂದು ನರ್ಸಮ್ಮ ಕೇಳಿದಾಗ ನಾನು, "ಊರಿಗೆ ಹೋಗವ್ರೆ," ಎಂದೆ. ತಾಯಂದಿರು ನನಗೆ ಹೇಳಿದ್ದೂ ಅದನ್ನೇ.

ಹತ್ತು ದಿನ ಕಳೆಯುವಷ್ಟರಲ್ಲಿ ಹೊಸೂರು ರಸ್ತೆಯ ಆಚೆ, ಕೆರೆ ಪಕ್ಕದ ಶೀಟಿನ ಮನೆಗಳಲ್ಲಿ ಇಬ್ಬರು ಮಕ್ಕಳಿಗೆ ದದ್ದು ಎದ್ದಿತು. ನಮ್ಮ ಅಂಗನವಾಡಿಯಲ್ಲಿ ಒಬ್ಬರಿಗೂ ಇಲ್ಲ.

ಮಗಳು ಗೋಡೆಯ ಮುಂದೆ ಕೂತಳು. ಕೆರೆಯ ಕಡೆಗೆ ನಮ್ಮ ಚಿತ್ರದಿಂದ ಒಂದು ಗೆರೆಯೂ ಹೋಗುತ್ತಿರಲಿಲ್ಲ. ಅಂಟುವ ಅಂಶವನ್ನು ಹೆಚ್ಚಿಸಿ ಮತ್ತೆ ಓಡಿಸಿದಳು. ಅಂಗನವಾಡಿಯಲ್ಲಿ ಉಳಿದಿದ್ದವರೆಲ್ಲ ಕೆಂಪಾದರು. ಕಡಿಮೆ ಮಾಡಿ ಓಡಿಸಿದಳು. ರೋಗ ಆ ಮೊದಲ ಮಗುವಿನಲ್ಲೇ ಸತ್ತುಹೋಯಿತು. ಏನು ಮಾಡಿದರೂ ರಸ್ತೆ ದಾಟಲಿಲ್ಲ. ಮೂರು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ.

"ನನ್ನ ಲೆಕ್ಕನೇ ಸುಳ್ಳು ಅಮ್ಮ. ಪುಸ್ತಕದಲ್ಲಿ ಓದಿದ್ದು ಬೇರೆ, ಇದು ಬೇರೆ. ಪಾಪುನ ಕರ್ಕೊಂಡು ಅವಳ ಅಪ್ಪನ ಹತ್ರ ಹೋಗ್ಬಿಡ್ತೀನಿ."

"ಅಲ್ಲಿ ಮಕ್ಕಳಿಲ್ವಾ?"

ಅವಳು ಕಂಪ್ಯೂಟರು ಮುಚ್ಚಿದಳು. ಮೊಮ್ಮಗಳಿಗೆ ಎಣ್ಣೆ ಒತ್ತುತ್ತಿದ್ದ ನನ್ನ ಕೈ ನಿಂತುಹೋಯಿತು. ಹೋಗುವುದೆಂದರೆ ನನ್ನ ಎದೆಯ ಮೇಲಿಂದ ಮಗುವನ್ನು ಎತ್ತಿಕೊಂಡು ಹೋದ ಹಾಗೆ.

ಮಾರನೆಯ ಮಧ್ಯಾಹ್ನ ಅವರಿಬ್ಬರೂ ಮಲಗಿದ್ದಾಗ ನಾನು ಚೌಕಾಬಾರದ ನಾಲ್ಕು ಕವಡೆ ತೆಗೆದುಕೊಂಡು ಗೋಡೆಯ ಮುಂದೆ ಕೂತೆ. ಕಂಪ್ಯೂಟರು ಮಾಡುವುದನ್ನು ಕವಡೆಯಲ್ಲೂ ಮಾಡಬಹುದೆಂದು ಮಗಳು ಒಮ್ಮೆ ಹೇಳಿಕೊಟ್ಟಿದ್ದಳು. ದಪ್ಪ ಗೆರೆಗೆ ಒಂದು ಕವಡೆಯಾದರೂ ಅಂಗಾತ ಬಿದ್ದರೆ ಅಂಟಿತು ಎಂದು ಲೆಕ್ಕ. ಸಣ್ಣ ಗೆರೆಗೆ ನಾಲ್ಕೂ ಅಂಗಾತ ಬಿದ್ದರೆ ಮಾತ್ರ. ದಡಾರ ಅಷ್ಟು ಅಂಟಿನ ಕಾಯಿಲೆ, ಮೈಮೇಲೆ ದದ್ದು ಏಳುವ ನಾಲ್ಕು ದಿನ ಮುಂಚೆಯೇ ಹರಡಲು ಶುರು.

ಮೊದಲ ಮಗುವಿನಿಂದ ಆಡಿದೆ. ಅದರ ದಪ್ಪ ಗೆರೆಗಳೆಲ್ಲ ಅಂಗನವಾಡಿಗೆ. ಕವಡೆ ಹಾಕಿದಂತೆಲ್ಲ ಅಂಟಿತು, ಅಂಟಿತು, ಅಂಟಿತು. ಅಂಟಿದ ಬಿಂದಿಯ ಪಕ್ಕದಲ್ಲಿ ಒಂದೊಂದು ಕಡಲೆಬೀಜ ಇಟ್ಟು ಗುರುತು ಮಾಡುತ್ತ ಹೋದೆ. ಬೀಜ ಮುಗಿದವು. ಆಗ ಕೈಯಲ್ಲಿದ್ದ ಕವಡೆ ಕೆಳಗಿಟ್ಟೆ. ಕವಡೆ ಹಾಕುತ್ತಿದ್ದ ನನಗೆ ಗೊತ್ತಿತ್ತು, ಆ ಮಗು ಅಂಗನವಾಡಿಗೆ ಬಂದೇ ಇರಲಿಲ್ಲ. ಹಾಜರಿ ಹಾಕಿದ್ದು ನಾನು.

ಇದನ್ನು ಬಿಡಿಸಿ ಹೇಳಬೇಕು. ಬಾಗಲಕೋಟೆ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ತಾಯಂದಿರು ಬೆಳಿಗ್ಗೆ ಏಳಕ್ಕೇ ಹೊರಡಬೇಕು. ಅಂಗನವಾಡಿ ಶುರುವಾಗುವುದು ಹತ್ತಕ್ಕೆ. ಮಗು ಬರದಿದ್ದರೆ ಹೆಸರು ಹೊಡೆದುಹಾಕುತ್ತಾರೆ, ಮೊಟ್ಟೆ ಸಿಗುವುದಿಲ್ಲ. "ಅಕ್ಕಾರ, ಹಾಜರಿ ಒಂದು ಹಾಕಿಬಿಡ್ರಿ, ಕೂಸಿನ ತತ್ತಿ ತಪ್ಪಸಬ್ಯಾಡ್ರಿ," ಎಂದು ಮೊದಲು ಒಬ್ಬಳು ಕೇಳಿದಳು. ಹಾಕಿದೆ. ಆಮೇಲೆ ಹದಿಮೂರು ಮಂದಿ. ಸಂಜೆ ಬಂದು ಮೊಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ಹಗಲು ಆ ಮಕ್ಕಳು ಎಲ್ಲಿರುತ್ತಾರೆಂದು ನಾನು ಒತ್ತಿ ಕೇಳಲಿಲ್ಲ. ಕೇಳಿದರೆ ಊರಿಗೆ ಕಳಿಸಿದ್ದೇವೆ ಎನ್ನುತ್ತಿದ್ದರು, ನಾನು ಅದನ್ನೂ ನಂಬಿದಂತೆ ಇದ್ದೆ. ಊರಿಗೆ ಹೋದ ಮಗುವಿಗೆ ಇಲ್ಲಿ ಮೊಟ್ಟೆ ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಮಗಳು ಎದ್ದಾಗ ಹೇಳಿದೆ.

"ಹದಿಮೂರು ಮಕ್ಕಳಾ? ದಿನಾ ಬಂದಂಗೆ ಬರ್ದಿದೀಯಾ?"

"ಮೊಟ್ಟೆಗೋಸ್ಕರ ಕಣೇ."

"ಅಮ್ಮಾ! ನಾನು ಮೂರು ದಿನದಿಂದ ತಲೆ ಚಚ್ಕೋತಿದೀನಿ!" ಎಂದು ಎರಡೂ ಕೈ ತಲೆಯ ಮೇಲಿಟ್ಟುಕೊಂಡವಳು ಇದ್ದಕ್ಕಿದ್ದಂತೆ ನಗತೊಡಗಿದಳು. "ಅಂದ್ರೆ ಲೆಕ್ಕ ಸರಿ ಇದೆ. ಗೆರೆ ತಪ್ಪು. ಆ ಹದಿಮೂರು ಜನ ಬೇರೆ ಎಲ್ಲೋ ಸೇರ್ತಿದಾರೆ. ಎಲ್ಲಿ?"

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಹದಿಮೂರರಲ್ಲಿ ಕೆಳಗಿನ ಮನೆಯ ಹುಡುಗಿಯೂ ಒಬ್ಬಳು. ಅವಳು ಎಲ್ಲಿಗೆ ಹೋಗುತ್ತಿದ್ದಳೋ ಅಲ್ಲಿಂದ ನೇರವಾಗಿ ನಮ್ಮ ಪಾಪುವಿಗೆ ಗೆರೆ. ಮಗಳು ಪೆನ್ನಿನಿಂದ ಅದನ್ನು ದಪ್ಪ ಮಾಡಿದಳು.

ಟೀಚರಿಗೆ ತಿಳಿಸಿದಾಗ ಅವರು ಬಾಗಿಲು ಹಾಕಿಕೊಂಡರು. "ಮೇಲಿನವರಿಗೆ ಗೊತ್ತಾದ್ರೆ ನಿಮ್ಗೂ ನಂಗೂ ಮನೆ ದಾರಿ. ಸುಮ್ನಿದ್ಬಿಡಿ ಅಮ್ಮ."

"ಸುಮ್ಕಿದ್ರೆ ನರ್ಸಮ್ಮ ಈ ಗುರುವಾರನೂ ಇಲ್ಲಿಗೇ ಬತ್ತಾರೆ. ಮಕ್ಳು ಇಲ್ಲಿಲ್ಲ."

ಅವರು ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ತಳ್ಳಿ, "ಹಾಗಾದ್ರೆ ಬರೆದುಕೊಡಿ. ನಿಮ್ಮ ಕೈಯಲ್ಲೇ," ಎಂದರು. ಬರೆದೆ. ಮೂರು ಹಾಳೆ ಹರಿದು ಹಾಕಿ ನಾಲ್ಕನೆಯದರಲ್ಲಿ ಸರಿಯಾಯಿತು. ಅದಕ್ಕೆ ನೋಟಿಸು ಬಂದದ್ದು, ನಾನು ಆನೇಕಲ್ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂತು ಬೈಸಿಕೊಂಡದ್ದು, ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದು ಬರೆಸಿಕೊಂಡು ಬಿಟ್ಟದ್ದು, ಎಲ್ಲ ಆಮೇಲಿನ ಮಾತು. ಆ ದಿನ ನನಗೆ ಗುರುವಾರದ ಯೋಚನೆಯೊಂದೇ. ನಡುವೆ ಎರಡು ದಿನವಿತ್ತು.

ಸಂಜೆ ನಲ್ಲಿಯ ಹತ್ತಿರ ತಾಯಂದಿರನ್ನು ಕೇಳಿದೆ. "ಕೂಸು ಊರಾಗ ಐತ್ರೀ," ಎಂದಳು ಒಬ್ಬಳು. ಕೂಸು ಅವಳ ಸೀರೆಯ ಹಿಂದಿನಿಂದ ನನ್ನನ್ನು ಇಣುಕಿ ನೋಡುತ್ತಿತ್ತು. ಅವರ ಭಯ ನನಗೆ ಗೊತ್ತಿಲ್ಲದ್ದಲ್ಲ. ಒಂದು ಕೋಣೆಗೆ ನಾಲ್ಕು ಜನರಿಗಿಂತ ಹೆಚ್ಚು ಇರಬಾರದೆಂದು ಮನೆ ಮಾಲೀಕರೆಲ್ಲ ಹೇಳುತ್ತಾರೆ; ಮಕ್ಕಳನ್ನೂ ಎಣಿಸಿದರೆ ಕೋಣೆ ಬಿಡಬೇಕಾಗುತ್ತದೆ. ನಾವೂ ಹೇಳಿದ್ದೇವೆ.

ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು, "ತಾಯಂದಿರನ್ನ ಬಿಡು, ಮಕ್ಕಳನ್ನ ಕೇಳು. ನೀನೆಲ್ಲಿಗೆ ಹೋಗ್ತೀಯ ಅಂತ ಬೇಡ. ನಿನ್ನ ಜೊತೆ ಇರೋರು ಯಾರು ಅಂತ ಕೇಳು. ಯಾರನ್ನ ಕೇಳಿದ್ರೂ ಜಾಸ್ತಿ ಗೆರೆ ಇರೋರ ಹೆಸರೇ ಮತ್ತೆ ಮತ್ತೆ ಬರುತ್ತೆ. ಇದು ನಮ್ಮ ವಿಷಯದಲ್ಲಿ ಹಳೇ ಉಪಾಯ," ಎಂದಳು.

ಮೂರು ವರ್ಷದವರಿಗೆ ಜೊತೆಗಾರರೆಂದರೆ ಏನು ಗೊತ್ತು? ನಾನು ಪ್ರಶ್ನೆಯನ್ನು ಬದಲಾಯಿಸಿಕೊಂಡೆ. ಮಾರನೆಯ ಸಂಜೆ ಒಂದೊಂದು ಮಗುವನ್ನೂ ಹಿಡಿದು, "ನಿನ್ನ ಕಚ್ಚೋರು ಯಾರು ಪುಟ್ಟಾ?" ಎಂದೆ. ಸರಾಗವಾಗಿ ಬಂದವು ಹೆಸರುಗಳು! ಯಾರು ಕಚ್ಚಿದರು, ಯಾರು ಮರಳು ತೂರಿದರು, ಯಾರು ಚಡ್ಡಿಯಲ್ಲಿ ಉಚ್ಚೆ ಮಾಡಿದರು. ನನ್ನ ಪುಸ್ತಕದಲ್ಲಿಲ್ಲದ ಆರು ಹೆಸರು ಸಿಕ್ಕವು. ಆರೂ ಕೆರೆ ಪಕ್ಕದವು.

"ಕಚ್ಚಿದ್ರೆ ಯಾರು ಬಿಡುಸ್ತಾರೆ?"

"ಆಯಿ!" ಎಂದವು ಎಲ್ಲವೂ. ಆಯಿ ಎಂದರೆ ಅವರ ಕಡೆ ಅಜ್ಜಿ.

"ಆಯಿ ಏನ್ ಕೊಡ್ತಾಳೆ?"

"ಕಟಕ್ ರೊಟ್ಟಿ!" ಒಣಗಿಸಿ ಗರಿಗರಿ ಮಾಡಿದ ಜೋಳದ ರೊಟ್ಟಿ.

ಕೆಳಗಿನ ಮನೆಯ ಹುಡುಗಿಯೇ ನನ್ನ ಬೆರಳು ಹಿಡಿದು ದಾರಿ ತೋರಿಸಿದಳು. ರಸ್ತೆ ದಾಟಿ, ಮುಚ್ಚಿಹೋದ ಮರದ ಡಿಪೋದ ಹಿಂದೆ ಒಂದು ಶೆಡ್ಡು. ಪಕ್ಕದಲ್ಲೇ ದೊಡ್ಡ ಕಂಪನಿಯ ಕಟ್ಟಡ ಏಳುತ್ತಿತ್ತು. ರಸ್ತೆಯ ಎರಡೂ ಕಡೆಯ ತಾಯಂದಿರು ಕೆಲಸಕ್ಕೆ ಹೋಗುತ್ತ ಮಕ್ಕಳನ್ನು ಅಲ್ಲಿ ಬಿಡುತ್ತಿದ್ದರು. ನನ್ನ ಹದಿಮೂರು, ಆಚೆಯ ಆರು, ಒಟ್ಟು ಹತ್ತೊಂಬತ್ತು ಮಕ್ಕಳಿಗೆ ಒಬ್ಬಳು ಮುದುಕಿ. ನನ್ನ ವಯಸ್ಸಿನವಳೇ. ಸಂಜೆಯ ಹೊತ್ತಿಗೆ ಒಬ್ಬಳೇ ನೆಲ ಗುಡಿಸುತ್ತಿದ್ದಳು. ನನ್ನ ಅಂಗನವಾಡಿ ಸೀರೆ ನೋಡಿ ಸರ್ಕಾರದವಳೆಂದು ತಿಳಿದು ಪೊರಕೆ ಕೆಳಗೆ ಹಾಕಿದಳು.

"ನನ್ನ ಹೊರಗ ಹಾಕಸಾಕ ಬಂದೀರೇನ್ರಿ?"

"ಇಲ್ಲ ಕಣವ್ವ. ನಂಗೂ ಐದು ತಿಂಗಳ ಮೊಮ್ಮಗಳು ಅವಳೆ. ಅವಳಿಗೋಸ್ಕರ ಬಂದೆ."

"ಹಂಗಂದ್ರ ಕುಂದರ್ರಿ," ಎಂದಳು. ಆಮೇಲೆ ಮೆಲ್ಲಗೆ, "ಮೂರು ಕೂಸು ಬರವಲ್ಲವು. ಜ್ವರ ಬಂದಾವ್ರಿ. ನಾ ಏನ್ ಮಾಡ್ಲಿ, ಮ್ಯಾಲಿನ ಮಂದಿಗೆ ಹೇಳಿದ್ರ ಶೆಡ್ಡು ಮುಚ್ಚಸ್ತಾರ," ಎಂದಳು.

ಗೋಡೆಗೆ ಮರಳಿ ಬಂದು ಮಗಳು ಅಂಗನವಾಡಿಯ ಹದಿಮೂರು ಗೆರೆಗಳನ್ನು ಅಳಿಸಿ ಶೆಡ್ಡಿಗೆ ಎಳೆದಳು. ಈ ಸಲ ರೋಗ ತಾನಾಗಿಯೇ ರಸ್ತೆ ದಾಟಿತು, ದಾಟಿದ ದಿನವೂ ಹೆಚ್ಚುಕಡಿಮೆ ಹೊಂದಿತು. ಅವಳಿಗೆ ಕಣ್ಣಲ್ಲಿ ನೀರು ಬಂತು. ಇನ್ನೊಂದು ಪ್ರಶ್ನೆ ಉಳಿದಿತ್ತು. ಟೀಚರೂ ನರ್ಸಮ್ಮನೂ ಶೆಡ್ಡನ್ನು ತಕ್ಷಣ ಮುಚ್ಚಿಸೋಣ ಎಂದರು. ಅದು ಸಹಜ. ಮಗಳು ಅದನ್ನೂ ಓಡಿಸಿ ನೋಡಿದಳು. ಮುಚ್ಚಿದರೆ ತಾಯಂದಿರು ಕೆಲಸ ಬಿಡುವುದಿಲ್ಲ; ಮಕ್ಕಳು ನಾಲ್ಕೈದು ಕಡೆ ಚೆದುರಿ ಹೊಸ ಮಕ್ಕಳ ಜೊತೆ ಸೇರುತ್ತಾರೆ. ಆ ಆಟದಲ್ಲಿ ಕೆಂಪು ಹೆಚ್ಚಾಯಿತು, ಕಡಿಮೆಯಾಗಲಿಲ್ಲ. ಜ್ವರವಿರುವವರನ್ನು ಮನೆಯಲ್ಲಿಟ್ಟು, ಶೆಡ್ಡಿನಲ್ಲೇ ಮಿಕ್ಕವರಿಗೆಲ್ಲ ಒಂದೇ ಬೆಳಿಗ್ಗೆ ಸೂಜಿ ಹಾಕಿದರೆ ಕೆಂಪು ಅಲ್ಲಲ್ಲೇ ನಿಂತಿತು.

"ಮುಚ್ಚಿಸ್ಬೇಡಿ ಮೇಡಂ, ಅಲ್ಲಿಗೇ ಬನ್ನಿ," ಎಂದು ಮಗಳು ನರ್ಸಮ್ಮನಿಗೆ ಫೋನಿನಲ್ಲಿ ಹೇಳಿದಳು. "ಹೋದ ಸಲ ನಾನು ಹೇಳಿದ್ದು ತಪ್ಪಾಗಿತ್ತು. ಈ ಸಲ ಯಾಕೆ ಸರಿ ಅಂತ ನಮ್ಮಮ್ಮ ಹೇಳ್ತಾರೆ."

ಫೋನು ನನ್ನ ಕೈಗೆ ಬಂತು. ನಾನು ಹಾಜರಿಯ ವಿಷಯ ಹೇಳಿದೆ. ನರ್ಸಮ್ಮ, "ಒಂದು ಬಾಟ್ಲಿಗೆ ಹತ್ತು ಮಕ್ಳು. ತೆಗೆದ್ಮೇಲೆ ನಾಲ್ಕೇ ಗಂಟೆ. ಎರಡು ತರ್ತೀನಿ. ಮಕ್ಳನ್ನ ಕೂಡಿಸೋದು ನಿಮ್ ಜವಾಬ್ದಾರಿ," ಎಂದರು.

ಗುರುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಜ್ವರವಿಲ್ಲದ ಹದಿನಾರು ಮಕ್ಕಳು. ಒಬ್ಬರದೂ ಕಾರ್ಡಿಲ್ಲ, ಎಲ್ಲರದೂ ಊರಲ್ಲಿ. ಕಾರ್ಡಿಲ್ಲದಿದ್ದರೆ ಹಾಕಿಯೇ ಬಿಡುವುದು ಎಂದರು ನರ್ಸಮ್ಮ. ಇನ್ನೂ ನಾಲ್ಕು ಮಕ್ಕಳಿಗೆ ಔಷಧಿ ಉಳಿಯುತ್ತಿತ್ತು. ನಾನು ಶೀಟಿನ ಮನೆಗಳಿಗೆ ಓಡಿದೆ, ನನ್ನ ಮಂಡಿನೋವು ಆ ದಿನ ಎಲ್ಲಿ ಹೋಗಿತ್ತೋ. ಒಂದನ್ನು ಸೊಂಟದ ಮೇಲೆ, ಎರಡನ್ನು ಕೈಯಲ್ಲಿ, ನಾಲ್ಕನೆಯದನ್ನು ಅದರ ತಾಯಿಯ ಸಮೇತ ತಂದೆ. ಅಳುವ ಗದ್ದಲದಲ್ಲಿ ಆಯಿ ಎಲ್ಲರ ಬಾಯಿಗೂ ರೊಟ್ಟಿಯ ಚೂರು ಇಡುತ್ತ ಓಡಾಡಿದಳು.

"ನಿಮಗೂ ಒಂದು ಹಾಕ್ಲೇನ್ರಿ ಅಕ್ಕಾರ?" ಎಂದಳು ನನಗೆ.

"ನಾನು ಲೆಕ್ಕದಲ್ಲೇ ಇಲ್ಲ ಕಣವ್ವ," ಎಂದೆ.

"ನಾ ರೊಟ್ಟಿ ಕೇಳಿದೆ!"

ಸಂಜೆ ಗೋಡೆಯಿಂದ ಇಪ್ಪತ್ತು ಬಿಂದಿ ಕಿತ್ತೆವು. ಅಂಟಿನ ಗುರುತು ಮಾತ್ರ ಉಳಿಯಿತು. ಆದರೆ ಮಗಳು ಎಚ್ಚರಿಸಿದಳು: ದಡಾರ ಆಗಲೇ ಒಳಹೊಕ್ಕಿದ್ದರೆ ಈ ಸೂಜಿಯೂ ತಡೆಯದು, ಇನ್ನೂ ಮೂರರಿಂದ ಐದು ಮಕ್ಕಳಿಗೆ ಬರಬಹುದು, ಎರಡು ವಾರ ಕಾಯಬೇಕು. ಕೆಳಗಿನ ಹುಡುಗಿ ಮೆಟ್ಟಿಲು ಹತ್ತಬಾರದೆಂದು ಅವಳ ತಾಯಿಗೆ ಹೇಳಿದೆವು. ಅವಳು ಅಂಗಳದಲ್ಲಿ ನಿಂತು "ಗುಂಡೀ!" ಎಂದು ಕೂಗುತ್ತಿದ್ದಳು. ನಾನು ಮೊಮ್ಮಗಳ ಕೈ ಹಿಡಿದು ಮೇಲಿನಿಂದ ಆಡಿಸುತ್ತಿದ್ದೆ. ದಿನವೂ ಬೆಳಿಗ್ಗೆ ಬೆಳಕಿಗೆ ಹಿಡಿದು ಮಗುವಿನ ಕಿವಿಯ ಹಿಂದೆ ನೋಡುತ್ತಿದ್ದೆ; ದದ್ದು ಅಲ್ಲಿಂದ ಶುರುವಾಗುತ್ತದೆ.

ಮೊದಲ ವಾರದಲ್ಲಿ ಶೆಡ್ಡಿನ ನಾಲ್ಕು ಮಕ್ಕಳಿಗೆ ಬಂತು. ಲೆಕ್ಕದೊಳಗೇ ಇತ್ತು, ಆದರೂ ಒಂದೊಂದು ಕೆಂಪು ಬಿಂದಿ ಅಂಟಿಸಿದಾಗಲೂ ಹೋಗಿ ಮೊಮ್ಮಗಳ ಕಿವಿಯ ಹಿಂದೆ ಇನ್ನೊಮ್ಮೆ ನೋಡಿದೆ. ಒಂಬತ್ತನೆಯ ದಿನ ಕೆಳಗಿನ ಹುಡುಗಿಗೆ ಜ್ವರ. ಸೂಜಿ ಹಾಕಿದ ಒಂದು ವಾರದ ಮೇಲೆ ಹಾಗೆ ಬರುವುದುಂಟು, ಗಾಬರಿ ಬೇಡ ಎಂದರು ನರ್ಸಮ್ಮ. ಅದು ಸೂಜಿಯ ಜ್ವರವೋ ದಡಾರದ್ದೋ ತಿಳಿಯಲು ಕಾಯುವುದಷ್ಟೇ ದಾರಿ. ನಾನು ಲೆಕ್ಕದಲ್ಲಿ ಇಲ್ಲದವಳಲ್ಲವೆ, ಅವಳ ತಾಯಿಯನ್ನು ಕೆಲಸಕ್ಕೆ ಕಳಿಸಿ ಎರಡು ದಿನ ಕೆಳಗೇ ಇದ್ದು ಅವಳ ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಮೊಮ್ಮಗಳನ್ನು ಮುಟ್ಟಲಿಲ್ಲ. ಮೂರನೆಯ ದಿನ ಜ್ವರ ಬಿಟ್ಟಿತು. ಕಿವಿಯ ಹಿಂದೆ ಏನೂ ಇರಲಿಲ್ಲ. "ಅಜ್ಜಿ, ಗುಂಡಿ ಎಲ್ಲಿ?" ಎಂದಳು. ನಾನು ಅತ್ತುಬಿಟ್ಟೆ.

ಆಮೇಲೆ ಹೊಸ ಕೆಂಪು ಬರಲಿಲ್ಲ. ಕಾಯಿಲೆ ಬಿದ್ದ ಏಳೂ ಮಕ್ಕಳು ಚೇತರಿಸಿಕೊಂಡರು, ಅವರ ಬಿಂದಿಗಳನ್ನೂ ಕಿತ್ತೆವು. ಈಗ ಆಯಿ ದಿನವೂ ಹತ್ತು ಗಂಟೆಗೆ ಮಕ್ಕಳನ್ನು ಸಾಲಾಗಿ ಹಿಡಿದುಕೊಂಡು ಅಂಗನವಾಡಿಗೆ ತರುತ್ತಾಳೆ. ನಾನು ಒಂದೊಂದೇ ಮುಖ ನೋಡಿ ಹಾಜರಿ ಹಾಕುತ್ತೇನೆ. ಮೊಟ್ಟೆಯನ್ನು ಮಕ್ಕಳೇ ಸುಲಿದು ತಿನ್ನುತ್ತವೆ.

ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬಿದ್ದು ಒಂದು ಗುರುವಾರವೇ. ನರ್ಸಮ್ಮನ ಬಾಟಲಿಗೆ ಒಂಬತ್ತು ಮಕ್ಕಳಾಗಿದ್ದವು, ಹತ್ತನೆಯವಳು ನಮ್ಮವಳು. ಕಿರುಚಿದಳು, ಕೆಂಪಾದಳು, ರೊಟ್ಟಿಯ ಚೂರು ಚೀಪುತ್ತ ಮರೆತಳು. ಮನೆಗೆ ಬಂದು ಚಾಪೆಯ ಮೇಲೆ ಬಿಟ್ಟರೆ ಅಂಬೆಗಾಲಿಟ್ಟು ನೇರವಾಗಿ ಗೋಡೆಗೆ ಹೋದಳು. ಕಾಗದ ಹಿಡಿದು ನಿಂತಳು. ಸುತ್ತ ಅಂಟಿನ ಗುರುತುಗಳ ನಡುವೆ ಮಿರುಗುತ್ತಿದ್ದ ಆ ಚಿಕ್ಕ ಹಸಿರು ಬಿಂದಿಯನ್ನು ಉಗುರಿನಿಂದ ಕೆರೆದು ಕಿತ್ತು ಬಾಯಿಗೆ ಹಾಕಿಕೊಂಡಳು.

"ಅಯ್ಯೋ, ನುಂಗ್ತಾಳೆ!" ಎಂದು ಮಗಳು ಓಡಿಬಂದು ಬೆರಳು ಹಾಕಿ ತೆಗೆದಳು. "ನೋಡಿದ್ಯಾ ಅಮ್ಮ? ತನ್ನದೇ ಕಿತ್ಕೊಂಡ್ಳು."

"ಕೀಳ್ಲಿ ಬಿಡೇ," ಎಂದೆ. "ಅವಳೂ ಇಲ್ಲ ಇನ್ಮೇಲೆ."

"ಎರಡನೇ ಸೂಜಿ ಬಾಕಿ ಇದೆ," ಎಂದಳು ನನ್ನ ಲೆಕ್ಕದ ಮಗಳು, ಒದ್ದೆಯಾದ ಬಿಂದಿಯನ್ನು ನನ್ನ ಹಣೆಗೆ ಒತ್ತುತ್ತ.